ಐದು ಗುರಾಣಿ, ಏಳು ಕೋಟೆ: ಪೋರ್ಚುಗಲ್ಲಿನ ರಾಜಲಾಂಛನದ ಬೆನ್ನು ಹಿಡಿದು

ಮಂಗಳವಾರ, ಗಿಮರಾಯ್ಶ್

ಪೋರ್ಟೊ ನಗರದ ಸಾಂವ್ ಬೆಂತೊ ನಿಲ್ದಾಣದಲ್ಲಿ ರೈಲು ತಪ್ಪಿಸಿಕೊಳ್ಳುವುದು ಬಹಳ ಸುಲಭ. ಹಜಾರದ ಗೋಡೆಗಳ ತುಂಬ ಅಝುಲೇಜು ಎಂಬ ಸುಮಾರು 20,000 ಮೆರುಗಿನ ಹೆಂಚುಬಿಲ್ಲೆಗಳು, ಜೋರ್ಜ್ ಕೊಲಾಸೊ ಎಂಬ ಕಲಾವಿದ ನೀಲಿ ಬಣ್ಣದಲ್ಲಿ ಬರೆದ ಅರಸರ ಕಥೆ. ಒಂದು ಕಡೆ ಮೊದಲನೆಯ ಜುವಾಂವ್ ತನ್ನ ಇಂಗ್ಲಿಷ್ ರಾಣಿ ಫಿಲಿಪಳೊಡನೆ ಊರು ಪ್ರವೇಶಿಸುತ್ತಿದ್ದಾನೆ. ಇನ್ನೊಂದು ಕಡೆ ಅವರ ಮಗ ಹೆನ್ರಿಕ್ ಆಫ್ರಿಕದ ಸೆಯುಟ ಪಟ್ಟಣವನ್ನು ಗೆದ್ದು ನಿಂತಿದ್ದಾನೆ. ನಾನು ತಲೆಯೆತ್ತಿ ಬಾವುಟಗಳನ್ನು ಹುಡುಕುತ್ತಿದ್ದೆ. "ಅಪ್ಪ, ಗೋಡೆ ಎಲ್ಲಿಗೂ ಹೋಗುವುದಿಲ್ಲ, ರೈಲು ಹೋಗುತ್ತದೆ" ಎಂದು ಮಗಳು ತೋಳು ಹಿಡಿದು ಎಳೆದಳು. ಅವಳು ಓದುತ್ತಿರುವುದು ಇದೇ ಊರಿನಲ್ಲಿ. ರಜೆಯಲ್ಲಿ ಅಪ್ಪನಿಗೆ ದೇಶ ತೋರಿಸುವ ಉತ್ಸಾಹ ಅವಳದು. ನನಗೋ ಇಡೀ ದೇಶಕ್ಕಿಂತ ಅದರ ಲಾಂಛನವೊಂದನ್ನು ಸರಿಯಾಗಿ ನೋಡಿದರೆ ಸಾಕಾಗಿತ್ತು.

ಇದಕ್ಕೆ ಕಾರಣ ನನ್ನ ವೃತ್ತಿ. ಕುಂದಾಪುರದ ಕಡೆಯವನಾದ ನಾನು ಉಪನೋಂದಣಾಧಿಕಾರಿಯಾಗಿ ನಿವೃತ್ತನಾದವನು. ಕ್ರಯಪತ್ರ, ಪಾಲುಪಟ್ಟಿ, ವಂಶವೃಕ್ಷಗಳನ್ನು ಓದುತ್ತ ವಯಸ್ಸು ಕಳೆದಿದೆ. ನಮ್ಮ ನೆರೆಯ ಬಸರೂರಿನಲ್ಲಿ ಪೋರ್ಚುಗೀಸರು 1569ರಲ್ಲಿ ಕೋಟೆ ಕಟ್ಟಿದ್ದರು. ಅಲ್ಲಿಂದ ಹೊರಟ ಅಕ್ಕಿ ಗೋವೆಯ ಹೊಟ್ಟೆ ತುಂಬಿಸುತ್ತಿತ್ತು. ಆ ಇತಿಹಾಸವನ್ನು ಓದುವಾಗಲೆಲ್ಲ ಪುಸ್ತಕದ ಮೂಲೆಯಲ್ಲಿ ಒಂದು ಗುರಾಣಿಯ ಚಿತ್ರ ಇರುತ್ತಿತ್ತು: ಬಿಳಿಯ ನೆಲದ ಮೇಲೆ ಶಿಲುಬೆಯಾಕಾರದಲ್ಲಿ ಜೋಡಿಸಿದ ಐದು ನೀಲಿ ಕಿರುಗುರಾಣಿಗಳು, ಪ್ರತಿಯೊಂದರಲ್ಲೂ ಐದು ಬಿಳಿ ಬಿಲ್ಲೆಗಳು, ಸುತ್ತ ಕೆಂಪು ಅಂಚಿನಲ್ಲಿ ಏಳು ಚಿನ್ನದ ಕೋಟೆಗಳು. ನಮ್ಮಲ್ಲಿ ಚಾಲುಕ್ಯರಿಗೆ ವರಾಹ, ಮೈಸೂರಿಗೆ ಗಂಡಭೇರುಂಡ. ಒಂದು ಪ್ರಾಣಿ, ಮುಗಿಯಿತು. ಇವರದು ಮಾತ್ರ ಹೀಗೆ ಲೆಕ್ಕದ ಪುಸ್ತಕವೇಕೆ?

ಗಿಮರಾಯ್ಶ್ ಊರಿನ ಹಳೆಯ ಕೋಟೆಗೋಡೆಯೊಂದರ ಮೇಲೆ 'ಪೋರ್ಚುಗಲ್ ಹುಟ್ಟಿದ್ದು ಇಲ್ಲಿ' ಎಂದು ದೊಡ್ಡಕ್ಷರಗಳಲ್ಲಿ ಬರೆದಿದ್ದಾರೆ. ಈ ಮಾತು ಸುಳ್ಳೇನಲ್ಲ. 1128ರ ಜೂನ್ 24ರಂದು ಈ ಊರಿನ ಹತ್ತಿರದ ಸಾಂವ್ ಮಮೆಡೆಯಲ್ಲಿ ಅಫೊನ್ಸೊ ಹೆನ್ರಿಕ್ಸ್ ಎಂಬ ತರುಣ ಸ್ವಂತ ತಾಯಿ ತೆರೇಸಳ ಸೈನ್ಯವನ್ನೇ ಸೋಲಿಸಿ ಸೀಮೆಯ ಅಧಿಕಾರ ಕಿತ್ತುಕೊಂಡ. ಒಂದು ರಾಜ್ಯದ ಕಡತದ ಮೊದಲ ಹಾಳೆಯೇ ತಾಯಿ–ಮಗನ ವ್ಯಾಜ್ಯ. 1143ರಲ್ಲಿ ಸಮೋರದ ಒಪ್ಪಂದದ ಹೊತ್ತಿಗೆ ನೆರೆಯ ಲಿಯೋನಿನ ದೊರೆ ಅವನನ್ನು ಅರಸನೆಂದು ಒಪ್ಪಿದ. ಪೋಪ್ ಮೂರನೆಯ ಅಲೆಕ್ಸಾಂಡರನಿಂದ ಮಾನ್ಯತೆಯ ಪತ್ರ ಬಂದದ್ದು 1179ರಲ್ಲಿ. ಕೈಯಲ್ಲಿ ಸ್ವಾಧೀನ ಇದ್ದರೂ ಕಾಗದ ಬರುವುದಕ್ಕೆ ಆಗಲೂ ವರ್ಷಗಳೇ ಹಿಡಿಯುತ್ತಿದ್ದವು.

ಗುಡ್ಡದ ಮೇಲಿನ ಕೋಟೆ ಚಿಕ್ಕದು, ಚೂಪು ಹಲ್ಲುಗಳ ಗೋಪುರಗಳದ್ದು. ಅದರ ಕೆಳಗೆ ಬ್ರಗಾಂಸ ಡ್ಯೂಕರ ಅರಮನೆ. ಹದಿನೈದನೆಯ ಶತಮಾನದ ಕಟ್ಟಡವಾದರೂ ಇಂದು ಕಾಣುವ ರೂಪದ ಬಹುಪಾಲು ಇಪ್ಪತ್ತನೆಯ ಶತಮಾನದ ಸರ್ವಾಧಿಕಾರಿ ಸಲಜಾರನ ಆಡಳಿತದಲ್ಲಿ ನಡೆದ ಜೀರ್ಣೋದ್ಧಾರದ್ದು. ಅದಕ್ಕೇ ಇರಬೇಕು, ಎಲ್ಲವೂ ಅತಿಯಾಗಿ ನೆಟ್ಟಗಿದೆ. ಒಳಗೆ ನನ್ನನ್ನು ತಡೆದು ನಿಲ್ಲಿಸಿದ್ದು ಐದನೆಯ ಅಫೊನ್ಸೊ 1471ರಲ್ಲಿ ಮೊರೊಕ್ಕೊದ ಅರ್ಜಿಲವನ್ನು ಗೆದ್ದ ಕಥೆಯ ಬೃಹತ್ ನೇಯ್ಗೆಚಿತ್ರಗಳು. ಇವು ಪ್ರತಿಗಳು, ಮೂಲ ಇರುವುದು ಸ್ಪೇನಿನ ಪಾಸ್ತ್ರಾನದಲ್ಲಿ. ಈಟಿಗಳ ಕಾಡಿನ ನಡುವೆ ಬಾವುಟಗಳು ಹಾರಾಡುತ್ತವೆ, ಮಧ್ಯೆ ಮಧ್ಯೆ ನೀರು ಚಿಮ್ಮುವ ಗಿರಣಿಚಕ್ರ. ಆ ಚಕ್ರ ಅಫೊನ್ಸೊ ದೊರೆಯ ಸ್ವಂತ ಗುರುತು. ಗುರಾಣಿ ರಾಜ್ಯದ್ದು, ಚಕ್ರ ಅವನೊಬ್ಬನದು. ಈ ಎರಡರ ನಡುವಿನ ವ್ಯತ್ಯಾಸ ಇಲ್ಲಿಯೇ ತಿಳಿದದ್ದು ಮುಂದಕ್ಕೆ ಅನುಕೂಲವಾಯಿತು.

ಬುಧವಾರ, ಕೊಯಿಂಬ್ರ

ಅಫೊನ್ಸೊ ಹೆನ್ರಿಕ್ಸನ ಸಮಾಧಿ ಇರುವುದು ಕೊಯಿಂಬ್ರದ ಸಾಂತಾ ಕ್ರೂಸ್ ಚರ್ಚಿನಲ್ಲಿ, ಬಲಿಪೀಠದ ಒಂದು ಪಕ್ಕ. ಇನ್ನೊಂದು ಪಕ್ಕದಲ್ಲಿ ಮಗ ಮೊದಲನೆಯ ಸಾಂಚೊ. ಇಬ್ಬರೂ ಕವಚ ತೊಟ್ಟು ಮಲಗಿದ್ದಾರೆ. ಸತ್ತದ್ದು ಹನ್ನೆರಡು, ಹದಿಮೂರನೆಯ ಶತಮಾನಗಳಲ್ಲಿ. ಈ ಕಸೂತಿಯಂಥ ಕಲ್ಲಿನ ಕೆಲಸ ಮಾತ್ರ ಹದಿನಾರನೆಯ ಶತಮಾನದ ಮನುವೆಲ್ ದೊರೆ ಮಾಡಿಸಿದ್ದು. ಪೂರ್ವಜರಿಗೆ ಹೊಸ ಸಮಾಧಿ ಕಟ್ಟಿಸುವವನಿಗೆ ಅವರ ಮೇಲೆ ಭಕ್ತಿ ಎಷ್ಟಿರುತ್ತದೆಯೋ ಅವರ ವಾರಸುದಾರ ತಾನೆಂದು ಸಾರುವ ಆಸೆಯೂ ಅಷ್ಟೇ ಇರುತ್ತದೆ.

ಐದು ಗುರಾಣಿಗಳ ಬಗ್ಗೆ ಪೋರ್ಚುಗಲ್ಲಿನ ಶಾಲಾಮಕ್ಕಳಿಗೆಲ್ಲ ಗೊತ್ತಿರುವ ಕಥೆ ಇದು. 1139ರ ಜುಲೈ 25, ಓರೀಕ್ ಯುದ್ಧ. ಹಿಂದಿನ ರಾತ್ರಿ ಅಫೊನ್ಸೊನಿಗೆ ಶಿಲುಬೆಯ ಮೇಲಿನ ಕ್ರಿಸ್ತನ ದರ್ಶನವಾಯಿತು. ಮರುದಿನ ಅವನು ಐವರು ಮೂರ್, ಅಂದರೆ ಮುಸ್ಲಿಂ, ಅರಸರನ್ನು ಸೋಲಿಸಿದ. ಐದು ಕಿರುಗುರಾಣಿ ಆ ಐವರ ನೆನಪಿಗೆ, ಐದು ಬಿಲ್ಲೆ ಕ್ರಿಸ್ತನ ಐದು ಗಾಯಗಳ ನೆನಪಿಗೆ. ಬಿಲ್ಲೆಗಳನ್ನೆಲ್ಲ ಕೂಡಿಸಿ, ನಡುವಿನ ಗುರಾಣಿಯದನ್ನು ಎರಡು ಸಲ ಎಣಿಸಿದರೆ ಮೂವತ್ತು. ಯೂದನು ಕ್ರಿಸ್ತನನ್ನು ಮಾರಿ ಪಡೆದ ಮೂವತ್ತು ಬೆಳ್ಳಿ ನಾಣ್ಯ. ಕಥೆ ಚೆನ್ನಾಗಿದೆ. ಆದರೆ ದರ್ಶನದ ವೃತ್ತಾಂತ ಬರಹದಲ್ಲಿ ಸಿಗುವುದು ಹದಿನೈದನೆಯ ಶತಮಾನದಿಂದೀಚೆಗೆ, ಅಂದರೆ ಯುದ್ಧ ನಡೆದು ಸುಮಾರು ಮುನ್ನೂರು ವರ್ಷಗಳ ಬಳಿಕ. ಇನ್ನು ಬಿಲ್ಲೆಗಳೋ! ಸಾಂಚೊ ಮತ್ತು ಅವನ ಮುಂದಿನವರ ಮುದ್ರೆಗಳಲ್ಲಿ ಅವುಗಳ ಸಂಖ್ಯೆ ಸ್ಥಿರವಾಗಿಲ್ಲ. ಕಿರುಗುರಾಣಿಯ ತುಂಬ ಉದುರಿಸಿದಂತೆ ಇರುತ್ತಿದ್ದ ಅವು ಐದಕ್ಕೆ ನಿಂತದ್ದು ಬಹಳ ತಡವಾಗಿ. ಮರದ ಗುರಾಣಿ ಬಿರುಕು ಬಿಡದಂತೆ ಅಡ್ಡಕ್ಕೂ ಉದ್ದಕ್ಕೂ ನೀಲಿ ತೊಗಲಿನ ಪಟ್ಟಿ ಬಿಗಿದು ಮೊಳೆ ಹೊಡೆಯುತ್ತಿದ್ದರು. ಹೊಡೆತ ತಿಂದು ಪಟ್ಟಿ ಹರಿದಾಗ ಮೊಳೆಯಿದ್ದ ತುಂಡುಗಳಷ್ಟೇ ಉಳಿದವು ಎಂಬ ಇನ್ನೊಂದು ವಿವರಣೆ ಇದೆ. ಅದಕ್ಕೂ ಸಾಕ್ಷಿಯಿಲ್ಲ. ಆದರೂ ನನ್ನ ಮತ ಮೊಳೆಗಳಿಗೆ.

ಮಧ್ಯಾಹ್ನ ವಿಶ್ವವಿದ್ಯಾಲಯದ ಜುವಾನೀನ ಗ್ರಂಥಾಲಯ. ಐದನೆಯ ಜುವಾಂವ್ ಕಟ್ಟಿಸಿದ್ದು. ಬ್ರೆಜಿಲಿನ ಚಿನ್ನ ಹರಿದುಬರುತ್ತಿದ್ದ ಕಾಲ. ಬಾಗಿಲ ಮೇಲಿನ ಲಾಂಛನಕ್ಕೂ ಒಳಗಿನ ಹೊಂಬಣ್ಣಕ್ಕೂ ಅದೇ ಧಾರಾಳತನ. ಪುಸ್ತಕದ ಹುಳುಗಳನ್ನು ತಿನ್ನಲು ಬಾವಲಿಗಳನ್ನು ಇರಗೊಟ್ಟಿದ್ದಾರೆ, ರಾತ್ರಿ ಮೇಜುಗಳ ಮೇಲೆ ತೊಗಲು ಹಾಸುತ್ತಾರೆ. ಮಗಳಿಗೆ ಇಡೀ ದಿನದಲ್ಲಿ ಹಿಡಿಸಿದ್ದು ಬಾವಲಿಗಳೊಂದೇ.

ಗುರುವಾರ, ಅಲ್ಕೊಬಾಸ ಮತ್ತು ಬಟಾಲ್ಯ

ಲೇರಿಯ ಪಟ್ಟಣದವರೆಗೆ ಬಸ್, ಅಲ್ಲಿಂದ ಟ್ಯಾಕ್ಸಿ. ಈ ಒಂದು ದಿನಕ್ಕಾಗಿಯೇ ಬಂದಿದ್ದರೂ ನಷ್ಟವಿರಲಿಲ್ಲ.

ಅಲ್ಕೊಬಾಸದ ಮಠ ಅಫೊನ್ಸೊ ಹೆನ್ರಿಕ್ಸ್ ಸಿಸ್ಟರ್ಶಿಯನ್ ಸನ್ಯಾಸಿಗಳಿಗೆ 1153ರಲ್ಲಿ ದಾನ ಕೊಟ್ಟ ಭೂಮಿಯಲ್ಲಿದೆ. ಎಲ್ಲರೂ ನೇರವಾಗಿ ಪೆಡ್ರೊ ಮತ್ತು ಇನೆಸ್ ಸಮಾಧಿಗಳತ್ತ ಓಡುತ್ತಾರೆ. ನಾನು ಮೊದಲು ಕೇಳಿದ್ದು ಮೂರನೆಯ ಅಫೊನ್ಸೊ ಎಲ್ಲಿ ಮಲಗಿದ್ದಾನೆ ಎಂದು. ಲಾಂಛನದ ಕೆಂಪು ಅಂಚಿನ ಕೋಟೆಗಳ ಗುಟ್ಟು ಅವನ ಬಳಿ ಇದೆ.

ಅವನು ದೊರೆಯ ಎರಡನೆಯ ಮಗ. ಪಟ್ಟ ಅಣ್ಣ ಎರಡನೆಯ ಸಾಂಚೊನದು. ಕಿರಿಯ ಮಗ ತಂದೆಯ ಲಾಂಛನವನ್ನು ಇದ್ದಂತೆಯೇ ಬಳಸುವ ಹಾಗಿಲ್ಲ, ಏನಾದರೂ ಬದಲಾವಣೆ ಮಾಡಿಕೊಳ್ಳಬೇಕು. ಯುರೋಪಿನ ಲಾಂಛನಪದ್ಧತಿಯ ಮೂಲ ಕಟ್ಟಳೆ ಅದು. ಅವನ ತಾಯಿ ಉರ್ರಾಕ ನೆರೆಯ ಕಸ್ತೀಲ್ಯ ರಾಜ್ಯದ ದೊರೆಯ ಮಗಳು. ಕಸ್ತೀಲ್ಯದ ಗುರುತು ಕೆಂಪು ನೆಲದ ಮೇಲೆ ಚಿನ್ನದ ಕೋಟೆ. ಅಫೊನ್ಸೊ ತಂದೆಯ ಗುರಾಣಿಗೆ ತಾಯಿಯ ಕಡೆಯ ಅಂಚು ಕಟ್ಟಿಕೊಂಡ. 1245ರಲ್ಲಿ ಪೋಪ್ ಅಣ್ಣನನ್ನು ಅಧಿಕಾರದಿಂದ ಇಳಿಸಿದ. 1248ರಲ್ಲಿ ಅಣ್ಣ ತೊಲೇದೊದಲ್ಲಿ ದೇಶಭ್ರಷ್ಟನಾಗಿ ಸತ್ತ, ತಮ್ಮ ದೊರೆಯಾದ. ಕಿರಿಯ ಮಗನೆಂದು ಹಾಕಿಕೊಂಡ ಗುರುತೇ ರಾಜ್ಯದ ಗುರುತಾಗಿ ನಿಂತುಬಿಟ್ಟಿತು. 1249ರಲ್ಲಿ ಅವನು ದಕ್ಷಿಣದ ಅಲ್ಗಾರ್ವ್ ಸೀಮೆಯನ್ನು ಪೂರ್ತಿ ಗೆದ್ದುದರಿಂದ, ಏಳು ಕೋಟೆಗಳೆಂದರೆ ಅಲ್ಲಿ ಹಿಡಿದ ಏಳು ದುರ್ಗಗಳು ಎಂದು ಜನ ಈಗಲೂ ಹೇಳುತ್ತಾರೆ. ನಮ್ಮ ಟ್ಯಾಕ್ಸಿ ಚಾಲಕ ಕೂಡ ಏಳರ ಹೆಸರು ಹೇಳಲು ಹೊರಟು ನಾಲ್ಕಕ್ಕೆ ನಿಂತ. ಹಳೆಯ ಲಾಂಛನಗಳಲ್ಲಿ ಕೋಟೆಗಳು ಎಂಟು, ಹತ್ತು, ಹನ್ನೆರಡು ಹೀಗೆ ಜಾಗ ಇದ್ದಷ್ಟು ಇವೆ. ಏಳು ಎಂಬುದು ಗಟ್ಟಿಯಾದದ್ದು ಹದಿನಾರನೆಯ ಶತಮಾನದಲ್ಲಿ.

ಇನೆಸಳ ಸಮಾಧಿಯ ಮುಂದೆಯೂ ನಿಂತೆ, ನಿಲ್ಲದಿರಲು ಸಾಧ್ಯವಿಲ್ಲ. ಯುವರಾಜ ಪೆಡ್ರೊನ ಪ್ರೇಯಸಿ ಅವಳು. 1355ರಲ್ಲಿ ಮಾವನಾಗಬೇಕಿದ್ದ ದೊರೆಯ ಅಪ್ಪಣೆಯಿಂದ ಕೊಲೆಯಾದಳು. ಪಟ್ಟಕ್ಕೆ ಬಂದ ಪೆಡ್ರೊ ತಾನು ಅವಳನ್ನು ಗುಟ್ಟಾಗಿ ಮದುವೆಯಾಗಿದ್ದೆನೆಂದು ಘೋಷಿಸಿದ. ತಲೆಗೆ ಕಿರೀಟವಿರುವ ರಾಣಿಯಂತೆ ಅವಳನ್ನು ಕಲ್ಲಿನಲ್ಲಿ ಮಲಗಿಸಿದ. ಅಂತಿಮ ತೀರ್ಪಿನ ದಿನ ಎದ್ದು ಕುಳಿತಾಗ ಮೊದಲು ಒಬ್ಬರ ಮುಖ ಒಬ್ಬರಿಗೆ ಕಾಣಲೆಂದು ಪಾದಕ್ಕೆ ಪಾದ ಎದುರಾಗಿ ಇಟ್ಟಿದ್ದಾರಂತೆ. ನನ್ನ ಕಣ್ಣು ಹೋದದ್ದು ಸಮಾಧಿಯ ಅಂಚಿನ ಸಾಲಿಗೆ: ಪೋರ್ಚುಗಲ್ಲಿನ ಗುರಾಣಿ, ಪಕ್ಕದಲ್ಲಿ ಕಾಸ್ತ್ರೊ ಮನೆತನದ ದುಂಡು ಬಿಲ್ಲೆಗಳ ಗುರಾಣಿ, ಮತ್ತೆ ಪೋರ್ಚುಗಲ್. ಮದುವೆಗೆ ಸಾಕ್ಷಿ ಸಾಲದಿದ್ದಾಗ ಕಲ್ಲಿನಲ್ಲಿ ಕೊರೆಸಿದ ಪ್ರಮಾಣಪತ್ರ ಅದು.

ಆ ಪ್ರಮಾಣಪತ್ರ ನ್ಯಾಯಾಲಯದಲ್ಲಿ ನಿಲ್ಲಲಿಲ್ಲ ಎಂಬುದನ್ನು ಬಟಾಲ್ಯಕ್ಕೆ ಹೋಗುವ ದಾರಿಯಲ್ಲಿ ಮಗಳಿಗೆ ಹೇಳಿದೆ. 1383ರಲ್ಲಿ ಪೆಡ್ರೊನ ಮಗ ಫರ್ನಾಂಡೊ ತೀರಿಕೊಂಡ. ಇದ್ದವಳು ಒಬ್ಬಳೇ ಮಗಳು, ಅವಳನ್ನು ಕಸ್ತೀಲ್ಯದ ದೊರೆಗೆ ಕೊಟ್ಟಿತ್ತು. ಅವಳು ರಾಣಿಯಾದರೆ ದೇಶ ಅಳಿಯನ ಪಾಲು. ಇನೆಸಳ ಗಂಡುಮಕ್ಕಳಿದ್ದರು. ಜತೆಗೆ ಪೆಡ್ರೊನಿಗೆ ತೆರೇಸ ಲೊರೆನ್ಸೊ ಎಂಬವಳಲ್ಲಿ ಹುಟ್ಟಿದ ಮಗ ಜುವಾಂವ್ ಇದ್ದ, ಅವೀಸ್ ಎಂಬ ಧಾರ್ಮಿಕ ಯೋಧರ ಸಂಘದ ಮುಖ್ಯಸ್ಥ. 1385ರಲ್ಲಿ ಕೊಯಿಂಬ್ರದಲ್ಲಿ ಸೇರಿದ ಸಭೆಯಲ್ಲಿ ಜುವಾಂವ್ ದಾಸ್ ರೆಗ್ರಾಸ್ ಎಂಬ ವಕೀಲ ಎದ್ದು ನಿಂತು ಅದ್ಭುತ ವಾದ ಮಂಡಿಸಿದ. ಫರ್ನಾಂಡೊನ ಮದುವೆಯೇ ಸಿಂಧುವಲ್ಲ, ಹಾಗಾಗಿ ಮಗಳು ವಾರಸುದಾರಳಲ್ಲ. ಪೆಡ್ರೊ–ಇನೆಸ್ ಮದುವೆಯೂ ಸಿಂಧುವಲ್ಲ, ಹಾಗಾಗಿ ಆ ಮಕ್ಕಳಿಗೂ ಹಕ್ಕಿಲ್ಲ. ಯಾರಿಗೂ ಹಕ್ಕಿಲ್ಲವೆಂದಾದರೆ ಸಿಂಹಾಸನ ಖಾಲಿ. ಖಾಲಿಯಾದ್ದನ್ನು ಸಭೆ ತನಗೆ ಬೇಕಾದವನಿಗೆ ಕೊಡಬಹುದು. ಎಷ್ಟೋ ವಕೀಲರನ್ನು ಮೇಜಿನ ಆಚೆ ಕಂಡಿದ್ದೇನೆ, ಇವನ ಸಮ ಯಾರೂ ಇಲ್ಲ.

"ಅಂದರೆ ಜುವಾಂವ್ ಕೂಡ ಮದುವೆಯ ಮಗ ಅಲ್ಲವಲ್ಲ?"

"ಅದನ್ನು ಯಾರೂ ಕೇಳದ ಹಾಗೆ ವಾದ ಮಾಡಿದ್ದೇ ಜಾಣತನ."

ಆ ವರ್ಷದ ಆಗಸ್ಟ್ 14ರಂದು ಇದೇ ರಸ್ತೆಯ ಬದಿಯ ಬಯಲಲ್ಲಿ ಅಲ್ಜುಬರೋಟ ಯುದ್ಧ ನಡೆಯಿತು, ತನಗಿಂತ ದೊಡ್ಡದಾದ ಕಸ್ತೀಲ್ಯ ಸೈನ್ಯವನ್ನು ಜುವಾಂವ್ ಮುರಿದ. ಒಲೆಯಲ್ಲಿ ಅಡಗಿದ್ದ ಏಳು ಶತ್ರುಗಳನ್ನು ರೊಟ್ಟಿ ಎತ್ತುವ ಮರದ ಸಟ್ಟುಗದಿಂದಲೇ ಹೊಡೆದು ಕೊಂದ ರೊಟ್ಟಿ ಮಾಡುವವಳ ಕಥೆಯನ್ನೂ ಚಾಲಕ ಹೇಳಿದ. ಇಲ್ಲೂ ಏಳು! ಗೆದ್ದದ್ದಕ್ಕೆ ಹರಕೆ ತೀರಿಸಲು ಕಟ್ಟಿದ್ದು ಬಟಾಲ್ಯದ ಮಠ. ಒಂದು ಶತಮಾನಕ್ಕೂ ಮಿಕ್ಕಿ ಕೆಲಸ ನಡೆದು, ಹಿಂಬದಿಯ ಗುಡಿಗಳು ಚಾವಣಿಯಿಲ್ಲದೆ ಹಾಗೆಯೇ ಉಳಿದಿವೆ.

ಬಾಗಿಲು ದಾಟಿ ಬಲಕ್ಕೆ ತಿರುಗಿದರೆ ಸ್ಥಾಪಕನ ಗುಡಿ. ನಡುವೆ ಎತ್ತರದ ಜೋಡಿ ಸಮಾಧಿ, ಅದರ ಮೇಲೆ ಜುವಾಂವ್ ಮತ್ತು ಲ್ಯಾಂಕಾಸ್ಟರಿನ ಫಿಲಿಪ, ಕೈಯಲ್ಲಿ ಕೈ ಇಟ್ಟು ಮಲಗಿದ್ದಾರೆ. ಇಂಗ್ಲೆಂಡಿನೊಡನೆ 1386ರಲ್ಲಿ ಆದ ವಿಂಡ್ಸರ್ ಒಪ್ಪಂದದ ಬೆನ್ನಿಗೇ ನಡೆದ ಮದುವೆ. ಸಂಬಂಧ ಕುದುರಿಸಿದ್ದು ರಾಜಕೀಯ, ಕೈ ಹಿಡಿದದ್ದು ಮಾತ್ರ ನಿಜವಾಗಿ ಕಾಣುತ್ತದೆ. ಗೋಡೆಯುದ್ದಕ್ಕೂ ಅವರ ಗಂಡುಮಕ್ಕಳು. ಒಬ್ಬೊಬ್ಬರ ಕಲ್ಲಿನ ಮೇಲೂ ಒಬ್ಬೊಬ್ಬರ ಫ್ರೆಂಚ್ ಧ್ಯೇಯವಾಕ್ಯ. ನಾವಿಕ ಹೆನ್ರಿಕನದು 'ಒಳಿತು ಮಾಡುವ ಛಲ', ಪೆಡ್ರೊನದು ಬರಿಯ 'ಬಯಕೆ'. ಇನ್ನೊಬ್ಬ ಮಗ ಫರ್ನಾಂಡೊ ಮೊರೊಕ್ಕೊದ ಫೆಜ್ ಪಟ್ಟಣದಲ್ಲಿ ಸೆರೆಯಾಳಾಗಿಯೇ 1443ರಲ್ಲಿ ಸತ್ತವನು. ಸೆಯುಟವನ್ನು ಬಿಟ್ಟುಕೊಟ್ಟಿದ್ದರೆ ಅವನು ಬದುಕುತ್ತಿದ್ದ, ಅಣ್ಣಂದಿರು ಬಿಡಲಿಲ್ಲ. ಸೆಯುಟ ಈಗ ಸ್ಪೇನಿನದು, ಆದರೂ ಅದರ ಬಾವುಟದ ನಡುವೆ ಇವತ್ತಿಗೂ ಪೋರ್ಚುಗಲ್ಲಿನ ಐದು ಗುರಾಣಿ, ಏಳು ಕೋಟೆಗಳ ಲಾಂಛನವೇ ಇದೆ.

ಈ ಗುಡಿಯಲ್ಲಿ ರಾಜಗುರಾಣಿಯನ್ನು ಹತ್ತಿರದಿಂದ ನೋಡಿದರೆ ಕೆಂಪು ಅಂಚಿನ ನಾಲ್ಕು ದಿಕ್ಕಿಗೂ ಹೂವಿನ ತುದಿಯಂಥದ್ದೊಂದು ಇಣುಕುತ್ತದೆ. ಅವೀಸ್ ಸಂಘದ ಹಸಿರು ಶಿಲುಬೆಯ ತುದಿಗಳು ಅವು. ಶಿಲುಬೆಯ ಮೈಯೆಲ್ಲ ಗುರಾಣಿಯ ಹಿಂದೆ, ತುದಿಗಳು ಮಾತ್ರ ಹೊರಗೆ. ಇಲ್ಲಿಗೆ ನನಗೆ ಲೆಕ್ಕ ಸಿಕ್ಕಿತು. ಹಕ್ಕು ಗಟ್ಟಿಯಾಗಿದ್ದ ದೊರೆಗಳು ಲಾಂಛನಕ್ಕೆ ಏನನ್ನೂ ಸೇರಿಸಲಿಲ್ಲ. ಕಿರಿಯ ಮಗ ಬಂದಾಗ ಕೋಟೆ ಸೇರಿತು, ಮದುವೆಯಾಚೆಯ ಮಗ ಬಂದಾಗ ಹೂಶಿಲುಬೆ ಸೇರಿತು. ಎಲ್ಲಿ ದಾಖಲೆ ದುರ್ಬಲವೋ ಅಲ್ಲೊಂದು ಹೆಚ್ಚಿನ ಮುದ್ರೆ. ಆಮೇಲೆ ಅದರ ಮೇಲೆ ದರ್ಶನದ್ದೋ ದುರ್ಗಗಳದ್ದೋ ಒಂದು ಕಥೆ.

ಹೂಶಿಲುಬೆ ನೂರು ವರ್ಷ ಬಾಳಿತು. 1485ರಲ್ಲಿ ಎರಡನೆಯ ಜುವಾಂವ್ ಅದನ್ನು ತೆಗೆಸಿದ. ಅಲ್ಲಿಯವರೆಗೆ ಎಡಬಲದ ಎರಡು ಕಿರುಗುರಾಣಿಗಳು ಅಡ್ಡ ಮಲಗಿ ಮಧ್ಯದತ್ತ ಮುಖ ಮಾಡುತ್ತಿದ್ದವು. ಅವನ್ನೂ ನೆಟ್ಟಗೆ ನಿಲ್ಲಿಸಿದ. ಹಾಗೆ ಮಲಗಿದ ಗುರಾಣಿಗಳು ಮದುವೆಯಾಚೆಯ ಹುಟ್ಟನ್ನು ಸೂಚಿಸುತ್ತವೆ ಎಂಬ ಮಾತು ಆಗ ಓಡಾಡುತ್ತಿತ್ತು. ಮುತ್ತಜ್ಜನ ಹುಟ್ಟಿನ ವಿಷಯ ಅವನಿಗೆ ಬೇಡವಾಗಿತ್ತೇನೋ. ಬಟಾಲ್ಯದಲ್ಲೇ ಅವನ ಸಮಾಧಿಯೂ ಇದೆ.

ಶುಕ್ರವಾರ, ತೋಮಾರ್

ಇಡೀ ದಿನ ಮಳೆ. ಕ್ರೈಸ್ಟ್ ಸಂಘದ ಮಠದ ಪ್ರಸಿದ್ಧ ಕಿಟಕಿಯನ್ನು ಕೊಡೆಯ ಅಂಚಿನಿಂದ ನೋಡಿದೆವು: ಕಲ್ಲಿನ ಹಗ್ಗ, ಕಲ್ಲಿನ ಬೇರು, ಮೇಲೆ ಶಿಲುಬೆ, ಇಕ್ಕೆಲದಲ್ಲಿ ಖಗೋಲ. ಆಕಾಶದ ವೃತ್ತಗಳನ್ನು ಬಳೆಗಳಂತೆ ಕೂಡಿಸಿದ ಆ ಗೋಳ ಮನುವೆಲ್ ದೊರೆಯ ಸ್ವಂತ ಗುರುತು. ಅದು ಅವನಿಗೆ ದಕ್ಕಿದ ಬಗೆ ಕೇಳಿದರೆ ಮೈ ಜುಮ್ಮೆನ್ನುತ್ತದೆ. ಎರಡನೆಯ ಜುವಾಂವ್ 1484ರಲ್ಲಿ ಪಿತೂರಿಯ ಆರೋಪದ ಮೇಲೆ ವಿಸೆವು ಡ್ಯೂಕನನ್ನು ಸ್ವಂತ ಕೈಯಿಂದ ಇರಿದು ಕೊಂದ. ಸತ್ತವನು ಅವನ ಚಿಕ್ಕಪ್ಪನ ಮಗ, ಹೆಂಡತಿಯ ಅಣ್ಣ. ಆ ಬಳಿಕ ಸತ್ತವನ ತಮ್ಮ ಮನುವೆಲನನ್ನು ಕರೆದು ಅವನಿಗೆ ಈ ಗೋಳವನ್ನು ಲಾಂಛನವಾಗಿ ಕೊಟ್ಟ. ಜುವಾಂವನ ಏಕೈಕ ಸಿಂಧು ಮಗ ಕುದುರೆಯಿಂದ ಬಿದ್ದು ಸತ್ತು, 1495ರಲ್ಲಿ ಪಟ್ಟ ಬಂದದ್ದು ಇದೇ ಮನುವೆಲನಿಗೆ. ಮತ್ತೆ ಅಡ್ಡದಾರಿಯ ವಾರಸುದಾರ, ಮತ್ತೆ ಹೊಸ ಗುರುತು. ವಾಸ್ಕೊ ಡ ಗಾಮನನ್ನು ನಮ್ಮ ಕರಾವಳಿಗೆ ಕಳುಹಿಸಿದವನೂ ಇವನೇ.

ರಾತ್ರಿ ಊಟಕ್ಕೆ ಬಕಲ್ಯಾವು, ಉಪ್ಪು ಹಾಕಿ ಒಣಗಿಸಿದ ಕಾಡ್ ಮೀನು. ನಮ್ಮ ಕಡೆ ಮಳೆಗಾಲಕ್ಕೆಂದು ಇಟ್ಟುಕೊಳ್ಳುವ ಒಣಮೀನನ್ನು ಇವರು ಹಬ್ಬಕ್ಕೆ ತಿನ್ನುತ್ತಾರೆ. ಖಾರವಿಲ್ಲ ಎಂಬುದೊಂದೇ ದೂರು.

ಶನಿವಾರ, ಸಿಂಟ್ರ

ಬಣ್ಣಬಣ್ಣದ ಪೇನ ಅರಮನೆಗೆ ಹೋಗುವ ಜನಸಾಗರವನ್ನು ಬಿಟ್ಟು ಊರ ನಡುವಿನ ಹಳೆಯ ಅರಮನೆಗೆ ನಡೆದೆವು. ಎರಡು ಬೃಹತ್ ಬಿಳಿ ಶಂಕುಗಳು ದೂರದಿಂದಲೇ ಕಾಣುತ್ತವೆ, ಅಡುಗೆಮನೆಯ ಹೊಗೆಗೂಡುಗಳು.

ಒಂದು ಕೋಣೆಯ ಚಾವಣಿಯ ತುಂಬ ಕಾಗೆಯ ಜಾತಿಯ ಹಕ್ಕಿಗಳು, ಮ್ಯಾಗ್ಪೈಗಳು. ಒಂದೊಂದರ ಬಳಿಯೂ 'ಒಳ್ಳೆಯದಕ್ಕೇ' ಎಂಬ ಬರಹ. ಅದು ಮೊದಲನೆಯ ಜುವಾಂವನ ಧ್ಯೇಯವಾಕ್ಯ. ರಾಣಿಯ ಸಖಿಯೊಬ್ಬಳಿಗೆ ಮುತ್ತು ಕೊಡುವಾಗ ಸಿಕ್ಕಿಬಿದ್ದ ದೊರೆ 'ಒಳ್ಳೆಯದಕ್ಕೇ ಕೊಟ್ಟೆ' ಎಂದನಂತೆ. ಸಖಿಯರೆಲ್ಲ ಹರಟತೊಡಗಿದಾಗ, ಇರುವ ಸಖಿಯರಷ್ಟೇ ಹರಟೆಮಲ್ಲಿ ಹಕ್ಕಿಗಳನ್ನು ಬರೆಸಿದನಂತೆ. 136 ಎನ್ನುತ್ತಾರೆ. ಕತ್ತು ನೋವಾಗಿ ಎಣಿಕೆ ಬಿಟ್ಟೆ.

ನಾನು ಕಾದಿದ್ದು ಲಾಂಛನಗಳ ಸಭಾಂಗಣಕ್ಕೆ. ಮನುವೆಲ್ ದೊರೆ 1515ರ ನಂತರದ ವರ್ಷಗಳಲ್ಲಿ ಮಾಡಿಸಿದ ಚೌಕ ಕೋಣೆ. ಗೋಡೆಗೆ ಹದಿನೆಂಟನೆಯ ಶತಮಾನದ ನೀಲಿ ಬೇಟೆಚಿತ್ರಗಳು, ಮೇಲೆ ಹೊನ್ನಿನ ಮರದ ಗುಮ್ಮಟ. ನೆತ್ತಿಯಲ್ಲಿ ದೊರೆಯ ಲಾಂಛನ. ಅದರ ಸುತ್ತ ಎಂಟು ಮಕ್ಕಳದು, ಹೆಣ್ಣುಮಕ್ಕಳದು ಗುರಾಣಿಯಲ್ಲ, ವಜ್ರಾಕಾರದ ಫಲಕ. ಅದರ ಕೆಳಗೆ ಒಂದೊಂದು ಜಿಂಕೆ ಕತ್ತಿಗೆ ಒಂದೊಂದು ಗುರಾಣಿ ತೂಗುಹಾಕಿಕೊಂಡು ಕುಳಿತಿದೆ: ರಾಜ್ಯದ 72 ಶ್ರೀಮಂತ ಮನೆತನಗಳು. ಅರಸ ಎತ್ತರದಲ್ಲಿ, ಮಕ್ಕಳು ಅವನ ಕೆಳಗೆ, ಸರದಾರರು ಅಂಚಿನಲ್ಲಿ. ಯಾರು ಎಲ್ಲಿ ಕೂರಬೇಕೆಂಬ ಪಟ್ಟಿ ಚಾವಣಿಯಲ್ಲೇ ಇದೆ. ಮನುವೆಲ್ ಇಲ್ಲಿಗೇ ನಿಲ್ಲಲಿಲ್ಲ. ಯಾರು ಯಾವ ಲಾಂಛನ ಧರಿಸಬೇಕೆಂದು ನಿಯಮ ಮಾಡಿದ, ಅವುಗಳನ್ನು ಬಣ್ಣದ ಪುಸ್ತಕಗಳಲ್ಲಿ ಬರೆಸಿದ. 1509ರ ಒಂದು ಪುಸ್ತಕ ಲಿಸ್ಬನ್ನಿನ ತೊರ್ರೆ ದೊ ತೊಂಬೊ ದಾಖಲೆಭಂಡಾರದಲ್ಲಿ ಇಂದಿಗೂ ಇದೆ. ಲಾಂಛನ ನೋಡಿಕೊಳ್ಳುವ ಅಧಿಕಾರಿಗಳಿಗೆ ಸ್ಥಳಗಳ ಹೆಸರೇ ಪದವಿ. ಮುಖ್ಯಸ್ಥರು ಮೂವರು: ಪೋರ್ಚುಗಲ್, ಅಲ್ಗಾರ್ವ್, ಇಂಡಿಯ. ಅವರ ಕೈಕೆಳಗಿನವರಲ್ಲಿ ಒಬ್ಬ ಗೋವೆ, ಒಬ್ಬ ಕೊಚ್ಚಿ. ನಮ್ಮ ಕರಾವಳಿಯ ಹೆಸರು ಹೊತ್ತು ಆ ದೇಶದ ಆಸ್ಥಾನದಲ್ಲಿ ಓಡಾಡಿದ ನೋಂದಣಾಧಿಕಾರಿಗಳು! ನನಗೆ ಸಹೋದ್ಯೋಗಿಗಳನ್ನು ಕಂಡಷ್ಟು ಸಂತೋಷವಾಯಿತು.

ಗೋಡೆಯ ಸುತ್ತ ಚಿನ್ನದಕ್ಷರದ ನಾಲ್ಕು ಸಾಲುಗಳ ಪದ್ಯವಿದೆ. ನಿಷ್ಠೆಯ ಸೇವೆಯಿಂದ ಗಳಿಸಿದ ಈ ಗೌರವವನ್ನು ಅಂಥದೇ ಸೇವೆಯಿಂದ ಉಳಿಸಿಕೊಳ್ಳಬೇಕು ಎಂಬುದು ಅದರ ಅರ್ಥ. ಉಳಿಸಿಕೊಳ್ಳದಿದ್ದರೆ ಏನಾಗುತ್ತದೆ ಎಂಬುದಕ್ಕೂ ಉತ್ತರ ಅದೇ ಚಾವಣಿಯಲ್ಲಿದೆ. ತಾವೊರ ಮನೆತನದ ಗುರುತನ್ನು ಅಳಿಸಿಹಾಕಿದ್ದಾರೆ. 1758ರ ಸೆಪ್ಟೆಂಬರ್ 3ರ ರಾತ್ರಿ ಮೊದಲನೆಯ ಜುಜೆ ದೊರೆಯ ಗಾಡಿಯ ಮೇಲೆ ಗುಂಡು ಹಾರಿತು. ಮಂತ್ರಿ, ಮುಂದೆ ಪೊಂಬಾಲ್ ಮಾರ್ಕ್ವಿಸ್ ಎನಿಸಿಕೊಂಡವನು, ತಾವೊರ ಕುಟುಂಬವನ್ನು ಹಿಡಿಸಿದ. 1759ರ ಜನವರಿ 13ರಂದು ಬೆಲೆಂನಲ್ಲಿ ಅವರನ್ನು ಸಾರ್ವಜನಿಕವಾಗಿ ಕೊಲ್ಲಿಸಲಾಯಿತು. ಹೆಸರನ್ನೂ ಲಾಂಛನವನ್ನೂ ಬಳಸಕೂಡದೆಂದು ಆಜ್ಞೆಯಾಯಿತು. ಅವರು ನಿಜವಾಗಿ ತಪ್ಪಿತಸ್ಥರೇ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ದಾಖಲೆಯಿಂದ ಹೆಸರು ತೆಗೆಯುವುದು ಸುಲಭ. ತೆಗೆದ ಜಾಗ ಮಾತ್ರ ತುಂಬಿದ ಪುಟದಲ್ಲಿ ಮೊದಲು ಕಣ್ಣಿಗೆ ಬೀಳುತ್ತದೆ. ಗುಂಪುಗುಂಪಾಗಿ ಬಂದ ಪ್ರವಾಸಿಗರೆಲ್ಲ ಕೇಳುತ್ತಿದ್ದುದು ಉಳಿದ ಮನೆತನಗಳನ್ನಲ್ಲ, ತಾವೊರ ಎಲ್ಲಿ ಎಂದು.

ಭಾನುವಾರ, ಬೆಲೆಂ

ಜೆರೋನಿಮುಶ್ ಮಠದ ಸರದಿ ಬೀದಿಯವರೆಗೆ ಬೆಳೆದಿತ್ತು. ಒಳಗೆ ಮನುವೆಲನ ಸಮಾಧಿಯನ್ನು ಅಮೃತಶಿಲೆಯ ಆನೆಗಳು ಹೊತ್ತಿವೆ. ಇಂಡಿಯದ ಒಡೆಯನೆಂದು ಬಿರುದು ಹಾಕಿಕೊಂಡವರ ಹೆಣಕ್ಕೆ ನಮ್ಮ ಆನೆಗಳು ಹೆಗಲು ಕೊಟ್ಟಂತಿದೆ. ಸೆಬಾಸ್ತಿಯಾಂವ್ ದೊರೆಯ ಸಮಾಧಿಗೂ ಆನೆಗಳಿವೆ. ಅವನು 1578ರ ಆಗಸ್ಟ್ 4ರಂದು ಮೊರೊಕ್ಕೊದ ಅಲ್ಕಾಸರ್ ಕಿಬೀರಿನಲ್ಲಿ ಸತ್ತ, ಮದುವೆಯಿಲ್ಲ, ಮಕ್ಕಳಿಲ್ಲ. ಸಮಾಧಿಯ ಲ್ಯಾಟಿನ್ ಬರಹ 'ಸುದ್ದಿ ನಿಜವಾಗಿದ್ದರೆ, ಇಲ್ಲಿರುವವನು ಸೆಬಾಸ್ತಿಯಾಂವ್' ಎನ್ನುತ್ತದೆ. ಮರಣಪತ್ರದಲ್ಲಿ ಇಂಥ ಷರತ್ತನ್ನು ನಾನು ಬೇರೆಲ್ಲೂ ಕಂಡಿಲ್ಲ. ಎರಡು ವರ್ಷದಲ್ಲಿ ಸ್ಪೇನಿನ ಎರಡನೆಯ ಫಿಲಿಪ್ ತಾಯಿಯ ಕಡೆಯ ಹಕ್ಕು ಹೇಳಿ ಬಂದ. ಪೋರ್ಚುಗಲ್ಲಿನ ಗುರಾಣಿ ಸ್ಪೇನಿನ ಕಿಕ್ಕಿರಿದ ಲಾಂಛನದೊಳಗೆ ಒಂದು ಪುಟ್ಟ ಚಿತ್ರವಾಗಿ 1640ರವರೆಗೆ ಕುಳಿತಿತು.

ನದಿಯ ದಂಡೆಯಲ್ಲಿ, ಅನ್ವೇಷಣೆಗಳ ಸ್ಮಾರಕದ ಮುಂದೆ, ನೆಲದ ಮೇಲೆ ಕಲ್ಲಿನ ಭೂಪಟವಿದೆ. ಮಗಳು ನಮ್ಮ ಕರಾವಳಿಯ ಮೇಲೆ ಕಾಲಿಟ್ಟು ನಿಂತಳು. ಪೋರ್ಚುಗೀಸರು ಹೊಸ ತೀರಗಳಲ್ಲಿ ಕಲ್ಲುಕಂಬ ನೆಡುತ್ತಿದ್ದರು: ಮೇಲೆ ಶಿಲುಬೆ, ಕೆಳಗೆ ಐದು ಗುರಾಣಿಗಳ ಲಾಂಛನ. ಗಾಮ ಮೂರು ಕಂಬಗಳನ್ನು ತಂದಿದ್ದ. ಕಡೆಯದಾದ ಸಾಂತಾ ಮರಿಯವನ್ನು 1498ರಲ್ಲಿ ಹಿಂದಿರುಗುವಾಗ ದ್ವೀಪವೊಂದರಲ್ಲಿ ನೆಟ್ಟರು. ಅದೇ ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪ ಎಂಬುದು ಪ್ರತೀತಿ. ಅಲ್ಲಿ ಈಗ ಕಂಬವಿಲ್ಲ, ಜ್ವಾಲಾಮುಖಿಯ ಲಾವಾ ಕಲ್ಲುಗಳಿವೆ. ಗಡಿಕಲ್ಲು ನೆಟ್ಟ ಮಾತ್ರಕ್ಕೆ ಜಮೀನು ಯಾರದೂ ಆಗುವುದಿಲ್ಲವೆಂದು ಬಸರೂರಿನವರಿಗೂ ಉಳ್ಳಾಲದ ಅಬ್ಬಕ್ಕನಿಗೂ ಚೆನ್ನಾಗಿ ತಿಳಿದಿತ್ತು.

ಹಿಂದಿರುಗುವಾಗ, ಬೆಲೆಂನ ಪ್ರಖ್ಯಾತ ಕಸ್ಟರ್ಡ್ ಸಿಹಿಯ ಅಂಗಡಿಯ ಹತ್ತಿರದ ಓಣಿಯೊಂದಕ್ಕೆ ನುಗ್ಗಿದೆ. ಐದು ಉಂಗುರಗಳ ಒಂಟಿ ಕಲ್ಲುಕಂಬ. ತಾವೊರರ ಜತೆ ಸತ್ತ ಅವೇರೊ ಡ್ಯೂಕನ ಅರಮನೆ ಇಲ್ಲಿತ್ತು. ಅದನ್ನು ಕೆಡವಿ, ಏನೂ ಬೆಳೆಯದಿರಲೆಂದು ನೆಲಕ್ಕೆ ಉಪ್ಪು ಸುರಿದು, ಇಲ್ಲಿ ಎಂದೂ ಕಟ್ಟಡ ಕಟ್ಟಕೂಡದೆಂದು ಕಂಬದ ಮೇಲೆ ಕೊರೆಸಿದರು. ಸುತ್ತ ಈಗ ಒತ್ತೊತ್ತಾಗಿ ಮನೆಗಳಿವೆ. ಋಣಭಾರ ಪ್ರಮಾಣಪತ್ರ ತೆಗೆಸದೆ ಕಟ್ಟಿದ್ದಾರೆ ಎಂದೆ. ಮಗಳ ಬಾಯಿ ತುಂಬ ಸಿಹಿ ಇತ್ತು, ನಗಲಾಗಲಿಲ್ಲ.

ಸೋಮವಾರ, ಲಿಸ್ಬನ್

ತೆರ್ರೈರು ದೊ ಪಾಸು ಚೌಕದಲ್ಲಿ ಕುದುರೆಯ ಮೇಲೆ ಅದೇ ಜುಜೆ ದೊರೆ, 1775ರ ಪ್ರತಿಮೆ. ಪೀಠದ ಮೇಲೆ ರಾಜಲಾಂಛನ, ಅದರ ಕೆಳಗೆ ಪೊಂಬಾಲನ ಮುಖದ ಪದಕ. ದೊರೆ ಸತ್ತ 1777ರಲ್ಲೇ ಆ ಪದಕವನ್ನು ಕಿತ್ತರು, 1833ರಲ್ಲಿ ಮತ್ತೆ ಅಂಟಿಸಿದರು. ಇನ್ನೊಬ್ಬರ ಹೆಸರು ಅಳಿಸಿದವನಿಗೂ ಅದೇ ಗತಿ.

1908ರ ಫೆಬ್ರುವರಿ 1ರಂದು ಇದೇ ಚೌಕದ ಮೂಲೆಯಲ್ಲಿ ತೆರೆದ ಗಾಡಿಯಲ್ಲಿದ್ದ ಕಾರ್ಲೊಸ್ ದೊರೆಯನ್ನೂ ಯುವರಾಜ ಲೂಯಿಸ್ ಫಿಲಿಪ್ಪನನ್ನೂ ಗುಂಡಿಟ್ಟು ಕೊಂದರು. ಕಿರಿಯ ಮಗ ಎರಡನೆಯ ಮನುವೆಲ್ ಹದಿನೆಂಟರ ಹರೆಯದಲ್ಲಿ ದೊರೆಯಾದ. 1910ರ ಅಕ್ಟೋಬರ್ 5ರಂದು ಇಲ್ಲಿಂದ ಕೂಗಳತೆಯ ನಗರಸಭೆಯ ಉಪ್ಪರಿಗೆಯಿಂದ ಗಣರಾಜ್ಯದ ಘೋಷಣೆಯಾಯಿತು. 1911ರಲ್ಲಿ ಹೊಸ ಬಾವುಟ: ನೀಲಿ–ಬಿಳಿ ಹೋಗಿ ಹಸಿರು–ಕೆಂಪು ಬಂತು, ಕಿರೀಟ ಹೋಯಿತು. ಆದರೆ ಗುರಾಣಿ? ಅದನ್ನು ಮುಟ್ಟಲಿಲ್ಲ. ಹಿಂದುಗಡೆ ಮನುವೆಲನ ಖಗೋಲವನ್ನೂ ಸೇರಿಸಿದರು. ಹಕ್ಕು ಹೊಸದಾದಾಗಲೆಲ್ಲ ಗುರುತು ಕೂಡಿಸುವ ಆ ಹಳೆಯ ಚಾಳಿಯನ್ನು ಅರಸರನ್ನು ಓಡಿಸಿದವರೂ ಬಿಡಲಿಲ್ಲ. ಫುಟ್ಬಾಲ್ ತಂಡವನ್ನು ಪತ್ರಿಕೆಗಳು ಈಗಲೂ 'ಕೀನಸ್ ತಂಡ' ಎನ್ನುತ್ತವೆ. ಕೀನಸ್ ಎಂದರೆ ಈ ಐದು ಕಿರುಗುರಾಣಿಗಳೇ.

ಮಂಗಳವಾರ, ಲಿಸ್ಬನ್

ಬೆಳಿಗ್ಗೆ ಅಜುಡ ಅರಮನೆ. 2022ರಲ್ಲಿ ತೆರೆದ ರಾಜಖಜಾನೆ ಸಂಗ್ರಹಾಲಯ ನಿಜಕ್ಕೂ ಒಂದು ದೊಡ್ಡ ತಿಜೋರಿ. ಬ್ಯಾಂಕಿನ ಬಾಗಿಲಿನಂಥ ಬಾಗಿಲು ದಾಟಿ ಒಳಗೆ ಹೋಗಬೇಕು. ಅಲ್ಲಿರುವ ಕಿರೀಟವನ್ನು 1817ರಲ್ಲಿ ರಿಯೊ ಡಿ ಜನೈರೊದಲ್ಲಿ ಆರನೆಯ ಜುವಾಂವನಿಗಾಗಿ ಮಾಡಿದ್ದು. ನೆಪೋಲಿಯನ್ನನ ಸೈನ್ಯಕ್ಕೆ ಹೆದರಿ ಇಡೀ ಆಸ್ಥಾನ ಬ್ರೆಜಿಲಿಗೆ ಹೋಗಿತ್ತಲ್ಲ, ಆ ಕಾಲದ್ದು. ತಲೆಗೆ ಮಾತ್ರ ಅದನ್ನು ಇಡುತ್ತಿರಲಿಲ್ಲ. 1640ರಲ್ಲಿ ಸ್ಪೇನಿನಿಂದ ರಾಜ್ಯವನ್ನು ಬಿಡಿಸಿಕೊಂಡ ಬ್ರಗಾಂಸ ಡ್ಯೂಕ, ನಾಲ್ಕನೆಯ ಜುವಾಂವ್, 1646ರಲ್ಲಿ ರಾಜ್ಯವನ್ನು ನಿಷ್ಕಳಂಕ ಮಾತೆ ಮೇರಿಗೆ ಒಪ್ಪಿಸಿದ. ಅಂದಿನಿಂದ ದೊರೆಗಳು ಕಿರೀಟ ಧರಿಸಲಿಲ್ಲ, ಪಕ್ಕದ ದಿಂಬಿನ ಮೇಲಿಟ್ಟುಕೊಂಡರು. ಈ ಜುವಾಂವನ ಹಕ್ಕೂ ಹೇಳಿಕೊಳ್ಳುವಷ್ಟು ನೇರವಲ್ಲ. ಬ್ರಗಾಂಸ ವಂಶದ ಮೂಲಪುರುಷ ಅವೀಸಿನ ಜುವಾಂವನ ಮದುವೆಯಾಚೆಯ ಮಗ. ಆದರೆ ಈ ಸಲ ಗುರಾಣಿಗೆ ಏನೂ ಸೇರಿಸದೆ ಆಸ್ತಿಯನ್ನೇ ದೇವರ ಹೆಸರಿಗೆ ಬರೆದುಬಿಟ್ಟ. ದೇವಸ್ವದ ಮೇಲೆ ದಾವೆ ಹೂಡುವವರು ಕಡಿಮೆ ಎಂದು ಗೊತ್ತಿದ್ದವನು.

ಮಧ್ಯಾಹ್ನ ಸಾಂವ್ ವಿಸೆಂಟೆ ದೆ ಫೋರ ಮಠ. ಸನ್ಯಾಸಿಗಳ ಹಳೆಯ ಊಟದ ಹಜಾರದಲ್ಲಿ ಬ್ರಗಾಂಸ ಅರಸರ ಶವಪೆಟ್ಟಿಗೆಗಳು ಗೋಡೆಯುದ್ದಕ್ಕೂ ಸಾಲಾಗಿ ಇವೆ, ಕಡತದ ಬೀರುವಿನ ಹಾಗೆ. ನಡುವೆ ಕಾರ್ಲೊಸ್ ಮತ್ತು ಮಗ, ಅವರ ಮುಂದೆ ತಲೆತಗ್ಗಿಸಿ ಅಳುವ ಹೆಂಗಸಿನ ಕಲ್ಲಿನ ಪ್ರತಿಮೆ. ಕೊನೆಯ ದೊರೆ ಮನುವೆಲ್ 1932ರಲ್ಲಿ ಇಂಗ್ಲೆಂಡಿನಲ್ಲಿ ಮಕ್ಕಳಿಲ್ಲದೆ ತೀರಿಕೊಂಡು ಇಲ್ಲಿಗೆ ಬಂದ.

ಹೊರಗಿನ ತಾರಸಿಯಲ್ಲಿ ಕುಳಿತು ಮಗಳಿಗೆ ಉಳಿದ ಕಥೆ ಹೇಳಿದೆ. ಮನುವೆಲನ ಬಳಿಕ ಹಕ್ಕು ಹೇಳುತ್ತಿರುವುದು ಮಿಗೆಲ್ ಎಂಬವನ ಸಂತತಿ. ಅಣ್ಣನ ಮಗಳಿಂದ ಸಿಂಹಾಸನ ಕಿತ್ತುಕೊಂಡು, ಅಂತರ್ಯುದ್ಧದಲ್ಲಿ ಸೋತು 1834ರಲ್ಲಿ ಗಡೀಪಾರಾದವನು ಅವನು. 1838ರ ಸಂವಿಧಾನ ಅವನ ಸಂತತಿಗೆ ಪಟ್ಟ ಎಂದೆಂದಿಗೂ ಇಲ್ಲವೆಂದು ಬರೆಯಿತು. ಆ ಸಂವಿಧಾನವೇ ನಾಲ್ಕು ವರ್ಷಗಳಲ್ಲಿ ಹೋಯಿತು. ಗಡೀಪಾರಿನ ಕಾನೂನು ರದ್ದಾದದ್ದು 1950ರಲ್ಲಿ. ಈಗ ಬ್ರಗಾಂಸ ಡ್ಯೂಕ ಎನಿಸಿಕೊಂಡವರು ಅದೇ ವಂಶದವರು, ದೇಶದೊಳಗೇ ಇದ್ದಾರೆ.

"ಅಪ್ಪ, ಇವರು ನಿಮ್ಮ ಕಚೇರಿಗೆ ಬಂದು ಗುರಾಣಿಯನ್ನು ತಮ್ಮ ಹೆಸರಿಗೆ ಮಾಡಿಕೊಡಿ ಎಂದಿದ್ದರೆ?"

"ಮೂಲಪತ್ರದಲ್ಲೇ ತಕರಾರು ಇದೆ, ಸಿವಿಲ್ ನ್ಯಾಯಾಲಯಕ್ಕೆ ಹೋಗಿ ಎಂದು ಹಿಂಬರಹ ಬರೆದು ಕಳುಹಿಸುತ್ತಿದ್ದೆ."